ಪಾರ್ಶ್ವವಾಯುವಿನ ಮೂರನೆಯ ರಾತ್ರಿ

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಹನುಮಂತನಗರ, ಗವಿಪುರ, ಗಿರಿನಗರ, ಬನಶಂಕರಿ ಮೊದಲನೆಯ ಹಂತ ಇವುಗಳ ನೆರೆಯಲ್ಲಿರುವ ಶ್ರೀನಗರದಲ್ಲಿ, ಸರ್ಕಾರಿ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಮೂವತ್ತು ಮೂವತ್ತೈದು ವರ್ಷ ದುಡಿದು, ಪುಟ್ಟದೊಂದು ಮನೆಯನ್ನು ಕಟ್ಟಿಕೊಂಡು, ಈಗ ಬೆಳಗ್ಗೆ ಹಾಲು ತರುವುದನ್ನೂ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಸಮವಯಸ್ಕರೊಡನೆ ಲೋಕಾಭಿರಾಮವಾಗಿ ಮಾತನಾಡುವುದನ್ನೂ ನಿತ್ಯವಿಧಿಯಾಗಿ ಇಟ್ಟುಕೊಂಡಿರುವ ಹಿರಿಯರು ಬೀದಿಗೆ ನಾಲ್ವರಾದರೂ ಸಿಕ್ಕುತ್ತಾರೆ. ಅಂತಹವರಲ್ಲಿ ಒಬ್ಬರಿಗೆ, ವಯಸ್ಸು ಎಪ್ಪತ್ತಾರು ಎನ್ನೋಣ, ಒಂದು ಮುಂಜಾನೆ ಎಡಗೈ ಸೋತು, ಬಾಯಿ ಓರೆಯಾಗಿ, ಮಾತು ತೊದಲಿತೆಂದು ಕಲ್ಪಿಸಿಕೊಳ್ಳಬೇಕು. ಮನೆಯವರು ವಿವೇಕಿಗಳು, ವಾಯು ಬಡಿದಿದೆ, ಎಣ್ಣೆ ತಿಕ್ಕೋಣ ಎಂದು ಕಾಲಹರಣ ಮಾಡದೆ 108ಕ್ಕೆ ಕರೆ ಮಾಡಿ, ನಾಲ್ಕೂವರೆ ಗಂಟೆಯ ಗಡುವು ಮೀರುವುದಕ್ಕೆ ಮುಂಚೆಯೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಸಿ.ಟಿ. ಸ್ಕ್ಯಾನ್ ಆಯಿತು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದು ರಕ್ತನಾಳಕ್ಕೆ ಹರಿಯಿತು, ಎರಡನೆಯ ದಿನ ಸೋತ ಕೈಯ ಬೆರಳುಗಳು ಅಲುಗಿದುವು, ಗಂಡಾಂತರ ಕಳೆಯಿತೆಂದು ಎಲ್ಲರೂ ನೆಮ್ಮದಿಯಿಂದ ಉಸಿರಾಡಿದರು. ಮೂರನೆಯ ರಾತ್ರಿ ಅದೇ ಹಿರಿಯರು ಮಗಳನ್ನು ಅಕ್ಕನೆಂದು ಕರೆದು, ಆಫೀಸಿಗೆ ಹೊತ್ತಾಯಿತೆಂದು ಚಡಪಡಿಸಿ, ಕೈಗೆ ಹಾಕಿದ್ದ ಡ್ರಿಪ್ಪಿನ ನಳಿಕೆಯನ್ನು ಕಿತ್ತೆಸೆದು, ಗೋಡೆಯ ಮೇಲೆ ಹರಿದಾಡುತ್ತಿದ್ದ ಯಾವುದನ್ನೋ ಅಟ್ಟತೊಡಗಿದರು.

ನಮ್ಮ ಜನ ಇದನ್ನು ಬಹುಕಾಲದಿಂದ ಸನ್ನಿ ಎಂದು ಕರೆಯುತ್ತ ಬಂದಿದ್ದಾರೆ. ಆಸ್ಪತ್ರೆಯವರು ಡೆಲಿರಿಯಂ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ವ್ಯಾಧಿಯ ಲಕ್ಷಣ ಮೂರು ಮಾತಿನಲ್ಲಿ ಅಡಗುತ್ತದೆ: ಅದು ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರತಕ್ಕದ್ದು, ಬೆಳಗ್ಗೆ ಇಳಿದು ರಾತ್ರಿ ಏರುವಂತೆ ಹೊತ್ತಿನಿಂದ ಹೊತ್ತಿಗೆ ಬದಲಾಗತಕ್ಕದ್ದು, ಎಲ್ಲಕ್ಕಿಂತ ಮಿಗಿಲಾಗಿ, ಅದು ಅವಧಾನಶಕ್ತಿಯನ್ನು, ಅಂದರೆ ಎದುರಿಗಿರುವ ವಿಷಯದ ಮೇಲೆ ಮನಸ್ಸನ್ನು ನಿಲ್ಲಿಸುವ ಶಕ್ತಿಯನ್ನು, ಮೊದಲು ಕದಿಯತಕ್ಕದ್ದು. ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆ ಈ ವಿಷಯದಲ್ಲಿ ದೊಡ್ಡ ಅಪಕಾರ ಮಾಡಿದೆ. ಏಕೆಂದರೆ ಅರಳುಮರಳು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬರುವಂತಹದು, ಸನ್ನಿಯಾದರೋ ನಿನ್ನೆ ಇಲ್ಲದಿದ್ದು ಇಂದು ಬಂದದ್ದು, ಮತ್ತು ಮುದಿತನದ ಸಹಜಧರ್ಮವೆಂದು ಯಾವುದನ್ನು ನಾವು ಸಹಿಸಿಕೊಂಡುಬಿಡುತ್ತೇವೆಯೋ ಅದನ್ನು ಯಾರೂ ವೈದ್ಯರ ಗಮನಕ್ಕೆ ತರುವುದಿಲ್ಲ.

ಮೇಲೆ ಹೇಳಿದ ಗದ್ದಲದ ಸನ್ನಿಯಾದರೂ ತನ್ನ ಇರವನ್ನು ತಾನೇ ಸಾರಿಕೊಳ್ಳುತ್ತದೆ. ಹೆಚ್ಚು ಅಪಾಯಕಾರಿಯಾದುದು ಮೌನದ ಸನ್ನಿ. ರೋಗಿ ಮಲಗಿದಲ್ಲೇ ಮಲಗಿರುತ್ತಾನೆ. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾನೆ. ಊಟ ಕೊಟ್ಟರೆ ತುತ್ತು ಬಾಯಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಕುಳಿತ ಮಡದಿ “ಪಾಪ, ದಣಿದಿದ್ದಾರೆ, ಎಬ್ಬಿಸಬೇಡಿ” ಎನ್ನುತ್ತಾಳೆ. ಕೈತುಂಬ ಕೆಲಸವಿರುವ ನರ್ಸಿಗೂ ಆ ಹಾಸಿಗೆಯಿಂದ ಯಾವ ಉಪದ್ರವವೂ ಇಲ್ಲ. ಹೀಗೆ ಯಾರಿಗೂ ತೊಂದರೆ ಕೊಡದೆ ಇರುವುದರಿಂದಲೇ ಈ ಬಗೆಯ ಸನ್ನಿ ಎಲ್ಲರ ಕಣ್ಣನ್ನೂ ತಪ್ಪಿಸುತ್ತದೆ. ಇದೇ ಗುಂಗಿನಲ್ಲಿ ತುತ್ತು ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯ ಬರಬಹುದು, ಬೆನ್ನಿನಲ್ಲಿ ಹಾಸಿಗೆಹುಣ್ಣು ಏಳಬಹುದು. ಪಾರ್ಶ್ವವಾಯುವಿನ ನಂತರ ಸನ್ನಿ ಬಂದವರಲ್ಲಿ ಆಸ್ಪತ್ರೆಯ ಮರಣದ ಸಂಭವ, ಅದು ಬಾರದವರಿಗಿಂತ ಹಲವು ಪಟ್ಟು ಹೆಚ್ಚೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು 2012ರಲ್ಲೇ ಹೇಳಿದ್ದಾರೆ.

ಈ ವ್ಯಾಧಿ ಯಾರದು ಎಂಬುದರಲ್ಲೇ ಒಂದು ತೊಡಕಿದೆ. ನರರೋಗತಜ್ಞರ ದೃಷ್ಟಿ ಸೋತ ಕೈಕಾಲಿನ ಮೇಲೆ. ಮನೋವೈದ್ಯರನ್ನು ವಾರ್ಡಿಗೆ ಕರೆಯುವುದು ರೋಗಿ ಕಿರಿಚಾಡಿದ ಮೇಲೆ. ರಾಶಿ ಎಂಬ ಹೆಸರಿನಿಂದ ಬರೆಯುತ್ತಿದ್ದ, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದನ್ನು ನೆನೆದರೆ, ಮನಸ್ಸಿನ ರೋಗಗಳನ್ನು ಕುರಿತು ಕನ್ನಡದಲ್ಲಿ ಓದುವ ಅಭ್ಯಾಸ ನಮಗೆ ಹೊಸದಲ್ಲ, ಆದರೂ ಮನಸ್ಸಿಗೂ ಮಿದುಳಿಗೂ ನಡುವಣ ಗಡಿಯಲ್ಲಿ ನಿಂತಿರುವ ಸನ್ನಿ ಎರಡು ಕಡೆಯವರಿಗೂ ನೆಂಟನಾಗಲಿಲ್ಲ. ನಮ್ಮ ನಗರದ ಭಾಗ್ಯವೆಂದರೆ, ಲಾಲ್‌ಬಾಗಿನ ಆಚೆ ಹೊಸೂರು ರಸ್ತೆಯಲ್ಲಿ, ಹಿಂದಿನ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ, ನಿಮ್ಹಾನ್ಸ್ ಎಂಬ ಹೆಸರಿನಲ್ಲಿ ಮನೋವೈದ್ಯರನ್ನೂ ನರವೈದ್ಯರನ್ನೂ ಒಂದೇ ಆವರಣದಲ್ಲಿ ಕೂರಿಸಿರುವುದು.

ಮಿದುಳಿನ ಒಂದು ಮೂಲೆಯಲ್ಲಿ ರಕ್ತ ನಿಂತರೆ ಇಡೀ ಮನಸ್ಸು ಏಕೆ ಕದಡಬೇಕು? ಅವಧಾನವೆಂಬುದು ಒಂದು ಜಾಗದಲ್ಲಿ ಕುಳಿತ ಶಕ್ತಿಯಲ್ಲ; ಮಿದುಳಿನ ಕಾಂಡದಿಂದ ಎದ್ದು, ಥಲಾಮಸ್ಸಿನ ಮೂಲಕ ಹಾದು, ಮೇಲಿನ ತೊಗಟೆಯ ಮುಂಭಾಗವನ್ನೂ ಪಾರ್ಶ್ವಭಾಗವನ್ನೂ ಬೆಸೆಯುವ ಒಂದು ವಿಸ್ತಾರವಾದ ಜಾಲ ಅದನ್ನು ನಡೆಸುತ್ತದೆ. ಅದರಲ್ಲಿಯೂ ಬಲಗೋಳಾರ್ಧಕ್ಕೆ ಹಿರಿತನ ಹೆಚ್ಚು. ಎಡಗೋಳಾರ್ಧ ಮುಖ್ಯವಾಗಿ ಬಲಗಡೆಯ ಜಗತ್ತನ್ನು ಗಮನಿಸಿದರೆ, ಬಲಗೋಳಾರ್ಧ ಎರಡು ಕಡೆಯನ್ನೂ ಗಮನಿಸುತ್ತದೆ. ಆದುದರಿಂದ ಎಡಕ್ಕೆ ಪೆಟ್ಟು ಬಿದ್ದಾಗ ಬಲ ತಕ್ಕಮಟ್ಟಿಗೆ ನಿಭಾಯಿಸೀತು. ಬಲಕ್ಕೇ ಪೆಟ್ಟು ಬಿದ್ದರೆ ನಿಭಾಯಿಸುವವರಿಲ್ಲ. ಅಮೆರಿಕದ ಮೆಸುಲಮ್ ಮತ್ತು ಸಂಗಡಿಗರು 1976ರಲ್ಲಿ, ಬಲಗಡೆಯ ಮಧ್ಯಧಮನಿ ಕಟ್ಟಿಕೊಂಡಾಗ ಕೈಕಾಲು ಸೋಲುವುದಕ್ಕಿಂತ ದಿಢೀರನೆ ಬಂದ ಮನೋವಿಭ್ರಮವೇ ಎದ್ದು ಕಾಣುತ್ತಿದ್ದ ರೋಗಿಗಳನ್ನು ವರ್ಣಿಸಿ, ಈ ಸಂಬಂಧವನ್ನು ವೈದ್ಯಲೋಕದ ಗಮನಕ್ಕೆ ತಂದರು. ಅದಕ್ಕೂ ಮುಂಚೆ, 1940ರ ದಶಕದಲ್ಲಿ, ರೊಮಾನೊ ಮತ್ತು ಎಂಗಲ್ ಎಂಬ ಇಬ್ಬರು ವೈದ್ಯರು ಸನ್ನಿಯ ರೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ಬರೆಸಿ, ಅವು ಮಂದವಾಗಿರುವುದನ್ನೂ ಪ್ರಜ್ಞೆ ತಿಳಿಯಾದಂತೆ ಮತ್ತೆ ಚುರುಕಾಗುವುದನ್ನೂ ತೋರಿಸಿದ್ದರು. ಪಾರ್ಶ್ವವಾಯುವಿನಿಂದ ಎದ್ದ ಉರಿಯೂತ ಮಿದುಳಿನ ಉಳಿದ ಭಾಗಕ್ಕೂ ಹಬ್ಬುತ್ತದೆ, ಅವಧಾನಕ್ಕೆ ಅವಶ್ಯವಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಕೊರತೆ ಉಂಟಾಗುತ್ತದೆ ಎಂಬುದು ಇಂದಿನ ಪ್ರಬಲವಾದ ಊಹೆ. ಕೆಲವು ಸಾಮಾನ್ಯ ಮಾತ್ರೆಗಳು ವೃದ್ಧರಿಗೆ ಏಕೆ ಕೇಡು ಮಾಡುತ್ತವೆಂಬುದನ್ನು ಈ ಊಹೆ ಚೆನ್ನಾಗಿ ವಿವರಿಸುತ್ತದೆ. ನೆಗಡಿಗೂ ತುರಿಕೆಗೂ ಕೊಡುವ ಹಳೆಯ ಬಗೆಯ ಮಾತ್ರೆಗಳು, ನಿದ್ದೆಗೆಂದು ನುಂಗುವ ಅಮಿಟ್ರಿಪ್ಟಿಲೀನ್, ಇವೆಲ್ಲ ಅದೇ ರಾಸಾಯನಿಕಕ್ಕೆ ಅಡ್ಡಬರುವಂತಹವು.

ಪಾರ್ಶ್ವವಾಯು ಹೊಡೆದವರಲ್ಲಿ ಎಷ್ಟು ಮಂದಿಗೆ ಸನ್ನಿ ಬರುತ್ತದೆ ಎಂದು ಕೇಳಿದರೆ, ನೂರಕ್ಕೆ 10 ಎನ್ನುವವರಿಂದ ಹಿಡಿದು 48 ಎನ್ನುವವರವರೆಗೆ ಉತ್ತರಗಳಿವೆ; ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದವರು ಸುಮಾರು ಕಾಲುಭಾಗ ಎಂದರು. ಇಷ್ಟು ಅಂತರಕ್ಕೆ ಕಾರಣ ರೋಗಿಗಳಿಗಿಂತ ಹೆಚ್ಚಾಗಿ ಹುಡುಕಿದವರ ರೀತಿ: ದಿನಕ್ಕೊಮ್ಮೆ ಹಗಲು ನೋಡಿದವರಿಗೆ ರಾತ್ರಿಯ ಸನ್ನಿ ಕಾಣಲಿಲ್ಲ, ಮಾತು ಕಳೆದುಕೊಂಡವರನ್ನು ಹೊರಗಿಟ್ಟವರಿಗೆ ಕಠಿನವಾದ ಪ್ರಕರಣಗಳೇ ಕೈಬಿಟ್ಟುಹೋದುವು.

ಇನ್ನು ಮುಂಗಾಣುವ ಪ್ರಶ್ನೆ. ಮೊದಲನೆಯ ದಿನವೇ, ರೋಗಿ ಇನ್ನೂ ಸ್ಪಷ್ಟವಾಗಿ ಮಾತನಾಡುತ್ತಿರುವಾಗಲೇ, ಮೂರನೆಯ ರಾತ್ರಿಯನ್ನು ಊಹಿಸಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ತಳಹದಿ ಹಾಕಿದವರು ಅಮೆರಿಕದ ಶ್ಯಾರನ್ ಇನೌಯಿ. ಹಾಸಿಗೆಯ ಬಳಿ ನಿಂತು ಸನ್ನಿಯನ್ನು ಗುರುತಿಸುವ ಸುಲಭ ವಿಧಾನವನ್ನು 1990ರಲ್ಲಿ ರೂಪಿಸಿದ ಈಕೆ, 1990ರ ದಶಕದಲ್ಲಿಯೇ ಇನ್ನೊಂದು ತತ್ತ್ವವನ್ನು ಪ್ರತಿಪಾದಿಸಿದರು: ಸನ್ನಿಗೆ ಒಂದು ಕಾರಣವಿಲ್ಲ, ರೋಗಿ ಮೊದಲೇ ಹೊತ್ತು ತಂದ ದೌರ್ಬಲ್ಯ ಒಂದು, ಆಸ್ಪತ್ರೆಯಲ್ಲಿ ಮೇಲೆ ಬಿದ್ದ ಆಘಾತ ಇನ್ನೊಂದು, ಎರಡರ ಗುಣಾಕಾರವೇ ಸನ್ನಿ. ಶ್ರೀನಗರಕ್ಕೆ ಹತ್ತಿರದ ಕೆಂಪಾಂಬುಧಿ ಕೆರೆಯಂತಹ ಯಾವ ಕೆರೆಯ ಏರಿಯನ್ನು ತೆಗೆದುಕೊಂಡರೂ ಇದು ತಿಳಿಯುತ್ತದೆ: ಗಟ್ಟಿಯಾದ ಏರಿಯನ್ನು ಒಡೆಯಲು ಮಹಾವೃಷ್ಟಿಯೇ ಬೇಕು, ಇಲಿ ಹೆಗ್ಗಣಗಳು ತೂತು ಕೊರೆದ ಏರಿಗೆ ಒಂದು ಸಾಧಾರಣ ಮಳೆ ಸಾಕು. ಇನೌಯಿಯವರ ಪಟ್ಟಿಯಲ್ಲಿ ದೌರ್ಬಲ್ಯಗಳೆಂದರೆ ಮಂದವಾದ ದೃಷ್ಟಿ, ಮೊದಲೇ ಕುಂದಿದ ಸ್ಮೃತಿ, ತೀವ್ರವಾದ ಕಾಯಿಲೆ, ಶರೀರದಲ್ಲಿ ನೀರಿನ ಅಭಾವ. ಆಘಾತಗಳೆಂದರೆ ಕೈಕಾಲು ಕಟ್ಟಿಹಾಕುವುದು, ಪೌಷ್ಟಿಕತೆಯ ಕೊರತೆ, ಒಮ್ಮೆಲೇ ಮೂರಕ್ಕೂ ಹೆಚ್ಚು ಹೊಸ ಔಷಧಗಳನ್ನು ಸೇರಿಸುವುದು, ಮೂತ್ರಕ್ಕೆ ಕ್ಯಾಥೆಟರ್ ಹಾಕುವುದು, ಚಿಕಿತ್ಸೆಯಿಂದಲೇ ಉಂಟಾಗುವ ಇತರ ತೊಂದರೆಗಳು. ಎರಡನೆಯ ಪಟ್ಟಿಯನ್ನು ಓದುವಾಗ ಮನಸ್ಸಿಗೆ ತಟ್ಟುವುದೇನೆಂದರೆ, ಅದರಲ್ಲಿ ಬಹುಪಾಲು ರೋಗಿಯ ಕರ್ಮವಲ್ಲ, ಆಸ್ಪತ್ರೆಯ ಕೃತ್ಯ.

ಪಾರ್ಶ್ವವಾಯುವಿಗೇ ಹೊಂದುವ ಸೂತ್ರವನ್ನು ಹೆಣೆದವರು ನೆದರ್ಲೆಂಡಿನ ಓಲ್ಡನ್‌ಬ್ಯೂವಿಂಗ್ ಮತ್ತು ಅವರ ಸಹೋದ್ಯೋಗಿಗಳು. ಅವರು 527 ಮಂದಿ ರೋಗಿಗಳನ್ನು ಮೊದಲ ವಾರದಲ್ಲಿ ಪರೀಕ್ಷಿಸಿ, ನೂರಕ್ಕೆ 11.8 ಮಂದಿಗೆ ಸನ್ನಿ ಬಂದದ್ದನ್ನು ಕಂಡು, 2011ರಲ್ಲಿ ಪ್ರಕಟಿಸಿದರು. ಮೊದಲೇ ಕುಂದಿದ ಬುದ್ಧಿಶಕ್ತಿ, ಬಲಗೋಳಾರ್ಧದ ಪೆಟ್ಟು, ದೊಡ್ಡ ಧಮನಿಯ ತಡೆ, ಪಾರ್ಶ್ವವಾಯುವಿನ ತೀವ್ರತೆ, ಸೋಂಕು, ಮಿದುಳಿನ ಸವೆತ ಇವು ಮುಖ್ಯವಾದ ಹೇತುಗಳಾಗಿ ಕಂಡುವು. ತೀವ್ರತೆಯನ್ನು ಅಳೆಯಲು 0ಯಿಂದ 42ರವರೆಗೆ ಅಂಕ ಕೊಡುವ ಒಂದು ಮಾನದಂಡ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ನಮ್ಮ ಆಸ್ಪತ್ರೆಗಳಲ್ಲೂ ಅದನ್ನು ಬರೆದಿಡುತ್ತಾರೆ. 2014ರಲ್ಲಿ ಅದೇ ತಂಡ ವಯಸ್ಸು, ತೀವ್ರತೆ, ಪಾರ್ಶ್ವವಾಯುವಿನ ಬಗೆ, ಸೋಂಕು ಇಂತಹ ಕೆಲವೇ ಅಂಶಗಳಿಂದ ಒಂದು ಸರಳವಾದ ಅಂಕಗಣನೆಯನ್ನು ಕಟ್ಟಿತು. ಸನ್ನಿ ಬಂದವನೊಬ್ಬನನ್ನೂ ಬಾರದವನೊಬ್ಬನನ್ನೂ ಜೊತೆಯಾಗಿ ನಿಲ್ಲಿಸಿದರೆ, ಇಂತಹ ನೂರು ಜೋಡಿಗಳಲ್ಲಿ 80ಕ್ಕೂ ಹೆಚ್ಚು ಜೋಡಿಗಳಲ್ಲಿ ಬಂದವನಿಗೇ ಹೆಚ್ಚು ಅಂಕ ಸಿಕ್ಕಿತ್ತು. ಮೊದಲ ದಿನದ ಅಲ್ಪ ಮಾಹಿತಿಯಿಂದ ಮಾಡಿದ ಭವಿಷ್ಯಕ್ಕೆ ಇದು ಗೌರವಕ್ಕೆ ಪಾತ್ರವಾದ ಸಾಧನೆಯೇ ಸರಿ.

ಆದರೆ ಜೋಡಿಗಳಲ್ಲಿ ಗೆಲ್ಲುವುದು ಬೇರೆ, ವಾರ್ಡಿನಲ್ಲಿ ಉಪಯೋಗಕ್ಕೆ ಬರುವುದು ಬೇರೆ. ಒಂದು ಸೂತ್ರ, ಸನ್ನಿ ಬರಲಿರುವ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ಬಾರದಿರುವ ನೂರರಲ್ಲಿ 20 ಮಂದಿಯ ಮೇಲೆ ತಪ್ಪು ಗುಮಾನಿ ಪಡುತ್ತದೆ ಎಂದಿಟ್ಟುಕೊಳ್ಳೋಣ. ಕಾಲುಭಾಗ ರೋಗಿಗಳಿಗೆ ಸನ್ನಿ ಬರುವ ವಾರ್ಡಿನಲ್ಲಿ, ನೂರು ಮಂದಿಯಲ್ಲಿ ಅದು 35 ಮಂದಿಯ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತದೆ. ಅವರಲ್ಲಿ 20 ಮಂದಿಗೆ ಸನ್ನಿ ಬರುತ್ತದೆ, 15 ಮಂದಿಗೆ ಬರುವುದಿಲ್ಲ. ನೂರಕ್ಕೆ ಹನ್ನೆರಡೇ ಮಂದಿಗೆ ಸನ್ನಿ ಬರುವ ವಾರ್ಡಿಗೆ ಅದೇ ಸೂತ್ರವನ್ನು ಒಯ್ದರೆ, ಗುರುತು ಬಿದ್ದ ಸುಮಾರು 27 ಮಂದಿಯಲ್ಲಿ ಹತ್ತು ಮಂದಿಗಷ್ಟೇ ಅದು ನಿಜವಾಗುತ್ತದೆ. ಸೂತ್ರದ ಜಾಣ್ಮೆ ಎಳ್ಳಷ್ಟೂ ಕುಗ್ಗಲಿಲ್ಲ. ಆದರೂ ಸುಳ್ಳು ಎಚ್ಚರಿಕೆಗಳು ನಿಜವನ್ನು ಮೀರಿದುವು. ಹಾಗಾದರೆ ಸೂತ್ರ ಕೆಟ್ಟದ್ದೇ? ಎಚ್ಚರಿಕೆಯ ನಂತರ ನಾವು ಮಾಡುವ ಕಾರ್ಯವೇನೆಂಬುದರ ಮೇಲೆ ಆ ತೀರ್ಮಾನ ನಿಂತಿದೆ. ಗುರುತು ಬಿದ್ದವರಿಗೆಲ್ಲ ನಿದ್ದೆಯ ಚುಚ್ಚುಮದ್ದು ಕೊಡುವುದಾದರೆ ಪ್ರತಿಯೊಂದು ಸುಳ್ಳು ಎಚ್ಚರಿಕೆಯೂ ಒಂದು ಅಪಕಾರ. ಕನ್ನಡಕ ಹಾಕಿಸಿ, ನೀರು ಕುಡಿಸಿ, ರಾತ್ರಿ ದೀಪ ಆರಿಸುವುದಾದರೆ ಸುಳ್ಳು ಎಚ್ಚರಿಕೆಯಿಂದ ಯಾರಿಗೂ ನಷ್ಟವಿಲ್ಲ. ಮುನ್ಸೂಚನೆಯ ಬೆಲೆಯನ್ನು ಗಣಿತ ಮಾತ್ರವೇ ನಿರ್ಣಯಿಸಲಾರದೆಂಬುದು ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡ ಸಂಗತಿ. ಕಂಪ್ಯೂಟರಿಗೆ ನೂರಾರು ಅಂಶಗಳನ್ನು ಉಣಿಸಿ ಕಲಿಸಿದ ಇಂದಿನ ಹೊಸ ಸೂತ್ರಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಡಚ್ಚರ ಸೂತ್ರವನ್ನು ಶ್ರೀನಗರದ ರೋಗಿಗೆ ಹಾಗೆಯೇ ಅನ್ವಯಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಅಲ್ಲಿ ಮೊದಲೇ ಬುದ್ಧಿಶಕ್ತಿ ಕುಂದಿತ್ತೇ ಎಂಬುದನ್ನು ಕುಟುಂಬವೈದ್ಯರ ದಾಖಲೆಯಿಂದಲೋ ಮನೆಯವರಿಗೆ ಕೊಡುವ ಪ್ರಶ್ನಾವಳಿಯಿಂದಲೋ ತಿಳಿದುಕೊಳ್ಳಬಹುದು; ಇಲ್ಲಿ ಅಂತಹ ದಾಖಲೆ ಇರುವವರು ವಿರಳ. ಎಡಿನ್‌ಬರೋದಿಂದ ಬಂದು ಈಗ ಎಲ್ಲೆಡೆ ಹರಡಿರುವ 4ಎಟಿ ಎಂಬ ಪರೀಕ್ಷೆ ರೋಗಿಯ ವಯಸ್ಸು, ಹುಟ್ಟಿದ ದಿನ, ಈಗಿರುವ ಸ್ಥಳ, ನಡೆಯುತ್ತಿರುವ ವರ್ಷ ಇವನ್ನು ಕೇಳಿ, ಬಳಿಕ ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸುತ್ತದೆ. ನಾಲ್ಕು ಅಥವಾ ಹೆಚ್ಚು ಅಂಕ ಬಂದರೆ ಸನ್ನಿಯ ಶಂಕೆ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ತಾರೀಖೇ ಜನ್ಮದಿನವಾಗಿರುವ, ಚೈತ್ರ ವೈಶಾಖಗಳಲ್ಲಿ ಕಾಲವನ್ನು ಎಣಿಸುವ ಅಜ್ಜಿಯೊಬ್ಬಳು ಈ ಪರೀಕ್ಷೆಯಲ್ಲಿ ಸೋತರೆ, ಸೋತದ್ದು ಅವಳ ಅವಧಾನವೋ ಪರೀಕ್ಷೆಯ ಔಚಿತ್ಯವೋ? ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸುವುದು ಇಂತಹವರಿಗೆ ಹೆಚ್ಚು ನ್ಯಾಯವೆಂದು ನನ್ನ ಅಭಿಪ್ರಾಯ. ಎಡಗೋಳಾರ್ಧಕ್ಕೆ ಪೆಟ್ಟು ಬಿದ್ದು ಮಾತೇ ನಿಂತವರಿಗಂತೂ ಬಾಯಿಯ ಪರೀಕ್ಷೆ ನಿಷ್ಪ್ರಯೋಜಕ. ಒಂದು ಗೊತ್ತಾದ ಅಕ್ಷರ ಕೇಳಿದಾಗ ಮಾತ್ರ ಕೈಯನ್ನು ಅದುಮುವಂತೆ ಹೇಳಿ ಅವರ ಅವಧಾನವನ್ನು ಅಳೆಯಬೇಕಾಗುತ್ತದೆ.

ನಮ್ಮದೇ ಸೂತ್ರ ಕಟ್ಟಲು ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲದಿಲ್ಲ. ನಿಮ್ಹಾನ್ಸಿನವರು 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿ ನರರೋಗಗಳ ಗಣತಿ ಮಾಡಿದರು. ನಗರಕ್ಕಿಂತ ಹಳ್ಳಿಯಲ್ಲಿ ಅವು ಸುಮಾರು ಎರಡು ಪಟ್ಟು ಎಂಬುದು ಆಗ ಹೊರಬಿದ್ದ ಸತ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಸ್ಮೃತಿಶಕ್ತಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆಯುವ ದೊಡ್ಡ ಅಧ್ಯಯನವನ್ನು ಕೈಗೊಂಡಿದ್ದಾರೆ. ಓದುಬರಹ ಬಾರದವರ ಬುದ್ಧಿಶಕ್ತಿಯನ್ನು ಅಳೆಯುವುದು ಹೇಗೆಂಬ ಸಮಸ್ಯೆ ಅಲ್ಲಿ ದಿನನಿತ್ಯದ್ದು. 2022ರಲ್ಲಿ ನಿಮ್ಹಾನ್ಸಿನ ನೆರವಿನಿಂದ ರಾಜ್ಯಸರ್ಕಾರ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಬೆಂಗಳೂರಿನಲ್ಲಿ ನೆಲೆಗೊಂಡದ್ದು ಶ್ರೀನಗರಕ್ಕೆ ದೂರವಲ್ಲದ ಜಯನಗರ ಸಾರ್ವಜನಿಕ ಆಸ್ಪತ್ರೆಯಲ್ಲಿ. ಇಂತಹ ಕಡೆಗಳಲ್ಲಿ ಪಾರ್ಶ್ವವಾಯು ರೋಗಿಗಳನ್ನು ಮೊದಲ ವಾರ ಹಗಲೂ ರಾತ್ರಿಯೂ ಪರೀಕ್ಷಿಸಿ ಬರೆದಿಟ್ಟರೆ, ನಮ್ಮ ನೂರಕ್ಕೆ ಎಷ್ಟು ಎಂಬುದಾದರೂ ಗೊತ್ತಾದೀತು. ಪರದೇಶದ ಸೂತ್ರವನ್ನು ನಮ್ಮ ಅಳತೆಗೆ ತಿದ್ದಲು ಮೊದಲು ಬೇಕಾದುದು ಆ ಒಂದು ಸಂಖ್ಯೆ.

ಅಷ್ಟರಲ್ಲಿ ವೈದ್ಯರಿಗೆ ದೊರೆಯಬೇಕಾದ ಮಾಹಿತಿಯ ಅರ್ಧಭಾಗ ಮನೆಯಲ್ಲೇ ಉಳಿದುಬಿಡುತ್ತದೆ. ಸ್ಕ್ಯಾನಿನಲ್ಲಿ ಕಾಣುವುದು ಇಂದಿನ ಮಿದುಳು. ಕಳೆದ ವರ್ಷ ಪೆನ್ಷನ್ ಲೆಕ್ಕದಲ್ಲಿ ತಪ್ಪಿದ್ದು, ಗೊತ್ತಿದ್ದ ಬೀದಿಯಲ್ಲಿ ದಾರಿ ತಪ್ಪಿದ್ದು, ಒಂದೇ ಮಾತನ್ನು ಮೂರು ಸಲ ಕೇಳುತ್ತಿದ್ದುದು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಇವನ್ನು ಹೇಳಿದರೆ ಅಪ್ಪನ ಮರ್ಯಾದೆಗೆ ಕುಂದೆಂದು ಮಕ್ಕಳು ಭಾವಿಸುತ್ತಾರೆ. ಇದಕ್ಕಿಂತ ಗುಟ್ಟಾಗಿ ಇಡುವುದು ಮದ್ಯದ ವಿಷಯ. ನಿತ್ಯ ಕುಡಿಯುವ ಅಭ್ಯಾಸವಿದ್ದವರು ಆಸ್ಪತ್ರೆ ಸೇರಿ ಅದು ದಿಢೀರನೆ ನಿಂತರೆ, ಎರಡು ಮೂರು ದಿನಗಳೊಳಗೆ ಬರುವ ಸನ್ನಿಯ ಬಗೆಯೇ ಬೇರೆ, ಚಿಕಿತ್ಸೆಯೇ ಬೇರೆ. ಇತರ ಸನ್ನಿಗಳಲ್ಲಿ ಸಾಧ್ಯವಾದಷ್ಟು ದೂರವಿಡಬೇಕಾದ ನಿದ್ರಾಜನಕ ಔಷಧಗಳ ಒಂದು ವರ್ಗವೇ ಇಲ್ಲಿ ಪ್ರಾಣರಕ್ಷಕ. ಮಡಿವಂತ ಮನೆತನದಲ್ಲಿ ಅಂತಹದೆಲ್ಲ ಇಲ್ಲವೆಂದು ಸಭೆಯಲ್ಲಿ ಹೇಳುವಂತೆ ವೈದ್ಯರ ಮುಂದೆ ಹೇಳಿದರೆ ಭವಿಷ್ಯವೂ ತಪ್ಪುತ್ತದೆ, ಚಿಕಿತ್ಸೆಯೂ ತಪ್ಪುತ್ತದೆ.

ಅಪಾಯ ಹೆಚ್ಚೆಂದು ತಿಳಿದ ಮೇಲೆ ಮಾಡಬೇಕಾದುದು ಆಶ್ಚರ್ಯವಾಗುವಷ್ಟು ಸರಳ. ಇನೌಯಿಯವರೇ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ 70 ವರ್ಷ ದಾಟಿದ 852 ಮಂದಿ ರೋಗಿಗಳಲ್ಲಿ, ಒಂದು ಪಂಗಡಕ್ಕೆ ಹೊತ್ತು ಸ್ಥಳಗಳನ್ನು ಮತ್ತೆಮತ್ತೆ ನೆನಪಿಸುವುದು, ಬೇಗ ಎಬ್ಬಿಸಿ ನಡೆಸುವುದು, ಕನ್ನಡಕ ಶ್ರವಣಯಂತ್ರಗಳನ್ನು ಒದಗಿಸುವುದು, ನೀರು ಕುಡಿಸುವುದು, ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು ಇಂತಹ ಉಪಚಾರಗಳನ್ನು ಮಾಡಿಸಿ, 1999ರಲ್ಲಿ ಫಲವನ್ನು ಪ್ರಕಟಿಸಿದರು: ವಾಡಿಕೆಯ ಉಪಚಾರದಲ್ಲಿ ನೂರಕ್ಕೆ 15 ಮಂದಿಗೆ ಬಂದ ಸನ್ನಿ ಈ ಪಂಗಡದಲ್ಲಿ 9.9ಕ್ಕೆ ಇಳಿದಿತ್ತು. ಅವರು ಪಾರ್ಶ್ವವಾಯುವಿನ ರೋಗಿಗಳೇ ಆಗಿರಲಿಲ್ಲ, ಸಾಮಾನ್ಯ ವಾರ್ಡಿನವರು. ಪಾರ್ಶ್ವವಾಯುವಿನಲ್ಲಿ ನೀರು ಕುಡಿಸುವುದಕ್ಕೆ ಮುಂಚೆ ನುಂಗುವ ಶಕ್ತಿ ಇದೆಯೇ ಎಂದು ಪರೀಕ್ಷಿಸಲೇಬೇಕು. ಅಲ್ಲಿ ಈ ಸೇವೆಗೆ ತರಬೇತಾದ ಸ್ವಯಂಸೇವಕರನ್ನು ನೇಮಿಸಬೇಕಾಯಿತು. ನಮ್ಮಲ್ಲಿಯೋ, ಫ್ಲಾಸ್ಕು ಚಾಪೆ ಹಿಡಿದು ವರಾಂಡದಲ್ಲಿ ಕಾದಿರುವ ಮಗಳು, ಸೊಸೆ, ತಮ್ಮ ಇವರಿಗೆ ಕೊರತೆಯಿಲ್ಲ, ಐ.ಸಿ.ಯು. ಬಾಗಿಲಿನಲ್ಲಿ ಅವರನ್ನು ತಡೆದು, ದಿನಕ್ಕೆ ಹತ್ತು ನಿಮಿಷ ಒಳಗೆ ಬಿಡುವುದು ನಮ್ಮ ಅನೇಕ ಆಸ್ಪತ್ರೆಗಳ ಪದ್ಧತಿ. ಅಪಾಯದ ಅಂಕ ಹೆಚ್ಚಿರುವ ರೋಗಿಯ ಪಕ್ಕದಲ್ಲಿ ಪರಿಚಿತ ಮುಖವೊಂದನ್ನು ಕೂರಿಸುವುದು ದುಬಾರಿಯ ಚಿಕಿತ್ಸೆಯಲ್ಲ; ಈ ನಿಯಮವನ್ನು ಸಡಿಲಿಸದ ಆಸ್ಪತ್ರೆ ಕೈಯಲ್ಲಿರುವ ಮದ್ದನ್ನು ತಾನೇ ಬಾಗಿಲ ಹೊರಗೆ ನಿಲ್ಲಿಸಿಕೊಂಡಂತೆ.

ಆದುದರಿಂದ ಓದುಗರಲ್ಲಿ ಒಂದು ವಿಜ್ಞಾಪನೆ. ಮನೆಯ ಹಿರಿಯರ ಮಾತ್ರೆಗಳ ಹೆಸರು, ಕಣ್ಣು ಕಿವಿಗಳ ಸ್ಥಿತಿ, ಈಚಿನ ಒಂದು ವರ್ಷದ ನೆನಪಿನ ಶಕ್ತಿ, ಕುಡಿತವಿದ್ದರೆ ಅದರ ಪ್ರಮಾಣ, ಇವನ್ನು ಮುಚ್ಚುಮರೆಯಿಲ್ಲದೆ ಒಂದು ಹಾಳೆಯಲ್ಲಿ ಬರೆದು ಆರೋಗ್ಯದ ಫೈಲಿನಲ್ಲಿ ಇಡಿ. ಆಂಬುಲೆನ್ಸು ಬಂದಾಗ ಅದರ ಜೊತೆಗೆ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಹಲ್ಲಿನ ಸೆಟ್ಟನ್ನೂ ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಅವರು ಬಡಬಡಿಸತೊಡಗಲಿ, ಇಲ್ಲವೆ ಅಕಾರಣವಾಗಿ ಮೌನವಾಗಲಿ, ಬೆಳಗಾಗುವವರೆಗೆ ಕಾಯದೆ ನರ್ಸಿನ ಬಳಿ ಹೋಗಿ “ಇವರು ನಿನ್ನೆ ಹೀಗಿರಲಿಲ್ಲ” ಎಂದು ಹೇಳಿ. ಆ ಒಂದು ವಾಕ್ಯವನ್ನು ಖಚಿತವಾಗಿ ಹೇಳಬಲ್ಲವರು ಆ ಕಟ್ಟಡದಲ್ಲಿ ನೀವಲ್ಲದೆ ಬೇರೊಬ್ಬರಿಲ್ಲ.